ಎಡ ಮ್ಯಾಲ

ಶಾಕಾಂಬರಿ ಬಂದಳು, ಖಣದ ತಾನು ಬಗಲಾಗ ಹಿಡಕೊಂಡು,
ಅವರಜ್ಜನ ಮಗ್ಗದ್ದು, ಇನ್ನೂ ಗಂಜಿ ವಾಸನಿ.
"ಲಾಡ್ಲೇ ಕಾಕಾ, ಕುಪ್ಪಸ ಅಲ್ಲ ಇದು. ಕಿಮೊನೊ."
ಮೂವತ್ತೊಂದು ವರ್ಷ ಆತು ನಾ ಮಷಿನ್ ತುಳಿಯಾಕ ಹತ್ತಿ,
ಗುಳೇದಗುಡ್ಡದಾಗ ಖಣ ತಂದು
ಕುಪ್ಪಸ ಅಲ್ಲ ಅಂದಾಕಿ ಈಕೀನ ಮೊದಲು.

ಒಂದು ಪುಸ್ತಕ ತಗದಳು. ಬರೇ ಚಿತ್ರ.
ಹಿಂದಿನ ರಟ್ಟಿನಿಂದ ಸುರು ಮಾಡಿ,
"ಜಪಾನದಾಗ ಇದನ್ನ ಬಲದಿಂದ ಎಡಕ್ಕ ಓದತಾರ ಕಾಕಾ,
ನಿಮಗ ಉಲ್ಟಾ ಅನಸತೈತಿ."
ನಮ್ಮಪ್ಪನ ಕಿತಾಬೂ ಆ ಕಡಿಂದನ ತೆರೀತಿತ್ತವಾ, ಅಂದೆ.
ಅಕಿ ಬಾಯಿ ತಕ್ಕೊಂಡು ನೋಡಿದಳು,
ಜಪಾನು ನಮ್ಮ ಓಣ್ಯಾಗ ಬಾಡಗಿ ಮನಿ ಹಿಡದಂಗ.

ಚಿತ್ರದಾಗೊಬ್ಬಾಕಿ ಕತ್ತಿ ಹಿಡದು ನಿಂತಾಳ,
ಕಣ್ಣು ಅಂದ್ರ ತಂಬಿಗಿ ಬಾಯಿ ಅಗಲ.
ಬಾಗಲಕೋಟಿ ಕಾಲೇಜಿನ ಗ್ಯಾದರಿಂಗಿಗೆ
ಶಾಕಾಂಬರಿ ಈಕಿ ಆಗತಾಳಂತ.

ಅಳತಿ ತಗೊಳ್ಳುವಾಗ ಬಾಯಿ ನಿಲ್ಲಲಿಲ್ಲ.
ಅಲ್ಲಿ ಚಪ್ಪಲಿ ಬಿಡತಾರಂತ, ಮೂತಿ ಬಾಗಲಿನ ಕಡೆ ಮಾಡಿ.
ಶಾವಿಗಿ ಸುರ್ರ್ ಅಂತ ಎಳದು ಉಂಡ್ರೂ ಬೈಯೂದಿಲ್ಲಂತ,
(ನಾ ಅದಕ್ಕ ಹೆಂಡತಿ ಕಡೆ ದಿನಾ ಬೈಸಿಕೋತೀನಿ)
ಬುತ್ತಿ ಗಂಟು ಕಟ್ಟೂದೂ ಅಲ್ಲಿ ಒಂದು ವಿದ್ಯೆ, ಫುರೋಶಿಕಿ ಅಂತ.
ನನ್ನ ಗಂಟು ಗೂಟಕ್ಕ ತೂಗಾಕತ್ತಿತ್ತು, ಎಣ್ಣಿ ಕಲಿ ಹೊತ್ತು.
ಅದಕ್ಕೂ ಕೈ ಮುಗೀತಾಳೇನೋ ಅನಿಸಿತು.

ಆದ್ರ ಒಂದು ಮಾತು ಖರೆ. ಆ ಅರಿವಿಗೆ ಕತ್ತರಿ ಬಾಗೂದಿಲ್ಲ.
ಕಂಕಳ ಗೋಲಿಲ್ಲ, ಕಟೋರಿಲ್ಲ,
ನೆಟ್ಟಗ, ಮತ್ತ ನೆಟ್ಟಗ.
ಅವರ ಮಗ್ಗದ ಪನ್ನಾನೂ ಗಿಡ್ಡ ಅಂತ.
ಕಸ ಹೊಡದ್ರ ಚೂರು ಒಂದೂ ಇಲ್ಲ, ಬರೇ ದಾರ.
ಕುಣ್ಯಾಗ ಕಾಲಿಟ್ಟು ನೇಯಾವನ ಬೆನ್ನು
ಅಷ್ಟು ದೂರ ಯಾರೋ ನೆನಸಿದಾರ ಅಂತ ತಿಳೀತು.

ಟ್ರಯಲ್ ದಿನ.
ಲೇಡೀಸ್ ಟೇಲರನ ಕೈ, ರೂಢಿ ಬಿಡೂದಿಲ್ಲ:
ಎಡ ಕೆಳಗ, ಬಲ ಮ್ಯಾಲ, ಒಳಗೊಂದು ಲಾಡಿ.
ಕನ್ನಡಿ ಮುಂದ ನಿಂತಾಕಿ ಹೌಹಾರಿದಳು.
"ಕಾಕಾ! ಬಲ ಮ್ಯಾಲ ಬಂದ್ರ ಅದು ಸತ್ತವರಿಗೆ.
ಬದುಕಿದವರಿಗೆ ಎಡ ಮ್ಯಾಲ."

ಬಾಯಾಗ ಗುಂಡಪಿನ್ನು ಕಚ್ಚಿದಂವ ಹಂಗ ನಿಂತೆ.

ಇಮಾಮಸಾಬ ಉಸ್ತಾದ ಹೋದಾಗ ಬಿಳಿ ಅರಿವಿ ನಾನ ಹರದಿದ್ದೆ.
ಊರಿಗೆಲ್ಲಾ ಹೊಲದಾತಗ ಹೊಲಿಗಿ ಇಲ್ಲದ್ದು.
ಎಡ ಮೊದಲ ಮಡಚು, ಅಂದರು ಹಿರೇರು. ಮ್ಯಾಲ ಬಲ.
ಯಾಕ ಅಂತ ನಾ ಕೇಳಲಿಲ್ಲ.
ಕೇಳೂ ಹೊತ್ತೂ ಅಲ್ಲ ಅದು.
ಸಮುದ್ರದ ಆಚೆ ಯಾರಿಗೆ ಯಾರು ಹೇಳಿಕೊಟ್ಟರೋ
ಮಡಚೂದನ್ನ.

ಶಾಕಾಂಬರಿಗೆ ಏನೂ ಹೇಳಲಿಲ್ಲ.
ಲಾಡಿ ಬಿಚ್ಚಿದೆ. ತಿರುವಿದೆ.
ಎಡ ಮ್ಯಾಲ.
ಸೂಜಿಮಲ್ಲಿಗಿ ಎದಿಗೆ ಬಂತು, ಆನಿಹೆಜ್ಜಿ ತೋಳಿಗೆ.
ನನ್ನ ಗಜಕಡ್ಡಿ ಕಸಗೊಂಡು ಗಾಳಿ ಸೀಳಿದಳು ಹುಡುಗಿ,
ಎದುರಿನ ಚಾದಂಗಡ್ಯಾಗ ಬಸಿ ಹಿಡದವರು
ಸುರದುಕೊಳ್ಳೂದು ಮರತರು.

ಹೋಗುವಾಗ ಬಾಗಲಾಗ ತಿರುಗಿ ಅಂದಳು,
"ಹೇಳೂದ ಮರತೆ. ಮುರದ ಸೂಜಿಗೆ ಅಲ್ಲೊಂದು ಹಬ್ಬ ಐತಿ.
ಬಿರುಸು ಅರಿವಿ ಚುಚ್ಚಿ ಚುಚ್ಚಿ ದಣದಾವಂತ,
ಸೋಯಾ ಹಾಲಿನ ಮೆತ್ತನ ಗಿಣ್ಣದಾಗ ಚುಚ್ಚಿ
ವಿಶ್ರಾಂತಿ ಕೊಡತಾರ."
ನಗತಾಳೇನು ಅಂತ ನೋಡಿದೆ. ನಗಲಿಲ್ಲ.

ರಾತ್ರಿ ಅಂಗಡಿ ಹಾಕಿ ಬಂದೆ, ಕಿಸೇದಾಗ ತಗಡಿನ ಡಬ್ಬಿ.
ಬಾಜೂ ಮನಿ ಎಮ್ಮಿ ಈದಿತ್ತು;
ತಾಟಿನಾಗ ಗಿಣ್ಣ, ಬೆಲ್ಲ ಏಲಕ್ಕಿ ಹಾಕಿದ್ದು.
ಉಸ್ತಾದ ಕೊಟ್ಟ ಸೂಜಿ, ಕಣ್ಣು ಮುರದದ್ದು,
ಒಂದು ಮೂಲ್ಯಾಗ ಹಗೂರಕ ಇಳಿಸಿದೆ.

"ತಿನ್ನೂ ಪದಾರ್ಥದಾಗ ಇದೇನ್ರೀ?" ಅಂದಳು ಮಹಬೂಬಿ.

ಸಾವಕಾಶ ಮಾತಾಡ, ಅಂದೆ.
ಈಗ ಮಲಗೇತಿ.